ಐದು ನಿಮಿಷದ ದೆವ್ವ: ನಮ್ಮ ಏಕಾಂಕದ ಕೆಲಸ ಎಲ್ಲಿಯವರೆಗೆ ಬಂತು

ಜೂನ್ 8

ಮೂರನೆಯ ಕರಡು ಮುಗಿದಿದೆ. ಹವ್ಯಾಸಿ ತಂಡವೊಂದಕ್ಕಾಗಿ ನಾನು ಬರೆಯುತ್ತಿರುವ ಈ ಏಕಾಂಕದಲ್ಲಿ ನಮ್ಮ ಕಾಲದ ಅಕ್ಕ ಮತ್ತು ತಮ್ಮ 1873ರ ಡಿಸೆಂಬರ್ 9ರಂದು ಲಂಡನ್ನಿನ ಹ್ಯಾಕ್ನಿಯಲ್ಲಿ, ಪ್ರೇತವನ್ನು ಕರೆಯಲು ಕೂತವರ ನಡುವೆ ಹೋಗಿ ಇಳಿಯುತ್ತಾರೆ. ದಿನಾಂಕವನ್ನು ನಾನು ಕಲ್ಪಿಸಿದ್ದಲ್ಲ. ಹದಿಹರೆಯದ ಫ್ಲಾರೆನ್ಸ್ ಕುಕ್ ಆ ದಿನಗಳಲ್ಲಿ ಹೆಸರು ಮಾಡಿದ್ದ ಮೀಡಿಯಂ, ಅಂದರೆ ಪ್ರೇತಗಳನ್ನು ಕರೆಸುತ್ತೇನೆ ಎನ್ನುವವಳು. ಆಕೆಯನ್ನು ಪರದೆಯ ಹಿಂದೆ ಕೂರಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಿಳಿ ಉಡುಪಿನ 'ಕೇಟಿ ಕಿಂಗ್' ಎಂಬ ಪ್ರೇತ ಹೊರಗೆ ಬಂದು ನೆರೆದವರೊಡನೆ ಮಾತಾಡುತ್ತಿತ್ತು, ಕೈಯನ್ನೂ ಕೊಡುತ್ತಿತ್ತು. ಆ ರಾತ್ರಿ ವಿಲಿಯಂ ವೋಲ್ಕ್‌ಮನ್ ಎಂಬ ಅತಿಥಿ ಅದನ್ನು ಹಿಡಿದೇಬಿಟ್ಟ. ಉಳಿದವರು ಅವನನ್ನು ಎಳೆದು ಬಿಡಿಸಿದರು, ಪ್ರೇತ ಪರದೆಯೊಳಗೆ ನುಸುಳಿತು. ಸುಮಾರು ಐದು ನಿಮಿಷದ ನಂತರ ಪರದೆ ಸರಿಸಿದಾಗ ಕಪ್ಪು ಉಡುಪಿನ ಹುಡುಗಿ ಕಟ್ಟಿದಂತೆಯೇ ಇದ್ದಳು, ಮುದ್ರೆಯೂ ಹಾಗೇ ಇತ್ತು.

ಹಿಂದಿನ ಎರಡು ಕರಡುಗಳು ಕೆಟ್ಟದ್ದು ಕಾಲಯಾತ್ರಿಗಳ ತಿಳಿವಳಿಕೆಯಿಂದ. ಅವರು ಮುಂದಿನದನ್ನೆಲ್ಲ ಓದಿಕೊಂಡು ಬಂದವರು. ಥ್ಯಾಲಿಯಂ ಧಾತುವನ್ನು ಕಂಡುಹಿಡಿದ ವಿಲಿಯಂ ಕ್ರೂಕ್ಸ್‌ನಂತಹ ರಸಾಯನವಿಜ್ಞಾನಿ 1874ರಲ್ಲಿ ಕೇಟಿಯನ್ನು ನಂಬಿ ಬರೆಯಲಿದ್ದಾನೆ, 1880ರಲ್ಲಿ ಇದೇ ಮೀಡಿಯಂ ಒಳ ಉಡುಪಿನಲ್ಲಿ ಪ್ರೇತವಾಗಿ ಓಡಾಡುತ್ತಿರುವಾಗ ಸಿಕ್ಕಿಬೀಳಲಿದ್ದಾಳೆ ಎಂಬುದೆಲ್ಲ ಗೊತ್ತಿರುವವರಿಗೆ ಹೆದರಿಕೆ ಎಲ್ಲಿಂದ ಬರಬೇಕು? ತಮ್ಮ ಮೊಬೈಲಿನ ಟಾರ್ಚ್ ಹಾಕಿದರೆ ನಾಟಕವೇ ಮುಗಿಯಿತು. ಆದ್ದರಿಂದ ಈ ಬಾರಿ ಇಡೀ ನಾಟಕವನ್ನು ಪರದೆ ಮುಚ್ಚಿದ್ದ ಆ ಐದು ನಿಮಿಷದೊಳಗೆ, ಪರದೆಯ ಆಚೆಗೆ ಇಟ್ಟಿದ್ದೇನೆ. ಅಲ್ಲಿ ನಡೆದದ್ದನ್ನು ಕಂಡವರು ಯಾರೂ ಇಲ್ಲ. ('ಭೂತ' ಎಂಬ ಪದದ ಶ್ಲೇಷೆಯನ್ನು ಮೊದಲ ಕರಡಿನಲ್ಲಿ ಮೂರು ಕಡೆ ಬಳಸಿದ್ದೆ, ಮೂರನ್ನೂ ಹೊಡೆದುಹಾಕಿದ್ದೇನೆ.)

ಜೂನ್ 15

ದೆವ್ವವನ್ನು ತೋರಿಸಲು ಪೆಪ್ಪರ್‌ನ ಉಪಾಯವನ್ನೇ ಬಳಸಬೇಕೆಂಬುದು ನನ್ನ ಹಳೆಯ ಆಸೆ. 1862ರ ಕ್ರಿಸ್‌ಮಸ್ ಹಿಂದಿನ ಸಂಜೆ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ಇದನ್ನು ಪ್ರದರ್ಶಿಸಿದ. ಮೂಲ ಕಲ್ಪನೆ ಹೆನ್ರಿ ಡರ್ಕ್ಸ್ ಎಂಬಾತನದು. ರಂಗದ ಮುಂದೆ ಓರೆಯಾಗಿ ಒಂದು ದೊಡ್ಡ ಗಾಜು, ಪ್ರೇಕ್ಷಕರಿಗೆ ಕಾಣದ ತಗ್ಗಿನಲ್ಲಿ ಪ್ರಖರ ಬೆಳಕಿಗೆ ನಿಂತ ನಟ. ಅವನ ಪ್ರತಿಬಿಂಬ ಗಾಜಿನ ಆಚೆಗೆ, ರಂಗದ ಮೇಲೆಯೇ ನಿಂತಂತೆ ತೋರುತ್ತದೆ.

ಇಲ್ಲಿಯೇ ಒಂದು ತೊಡಕು ಎದುರಾಯಿತು. 1873ರ ವೇಳೆಗೆ ಲಂಡನ್ನಿನವರು ಹನ್ನೊಂದು ವರ್ಷದಿಂದ ಗಾಜಿನ ದೆವ್ವವನ್ನು ದುಡ್ಡು ಕೊಟ್ಟು ನೋಡುತ್ತಿದ್ದರು. ಹೀಗಿದ್ದೂ ಹ್ಯಾಕ್ನಿಯ ದೆವ್ವವನ್ನು ನಂಬಿದರು. ನನಗೆ ತೋಚುವ ಕಾರಣ ಇಷ್ಟೇ: ರಂಗದ ದೆವ್ವವನ್ನು ಮುಟ್ಟಲಾಗದು, ಮನೆಯೊಳಗಿನ ದೆವ್ವವನ್ನು ಮುಟ್ಟಬಹುದಿತ್ತು. ಅಂದರೆ ಕೇಟಿಯನ್ನು ತೋರಿಸಲು ನನ್ನ ಗಾಜು ಸ್ವಲ್ಪವೂ ಉಪಯೋಗಕ್ಕೆ ಬಾರದು, ಏಕೆಂದರೆ ವೋಲ್ಕ್‌ಮನ್ ಹಿಡಿಯುವುದು ಮೈಯುಳ್ಳ ಕೈಯನ್ನೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ದೆವ್ವವನ್ನು ಎರಡಾಗಿ ಒಡೆದೆ: ಹಿಡಿಯುವ ತನಕ ಬಿಳಿ ಉಡುಪಿನ ನಟಿ, ಪರದೆಯೊಳಗಿನ ಐದು ನಿಮಿಷಕ್ಕೆ ಗಾಜು. ಅಂದಹಾಗೆ, ವೋಲ್ಕ್‌ಮನ್ ಮುಂದೆ ಫ್ಲಾರೆನ್ಸಳ ಎದುರಾಳಿ ಮೀಡಿಯಂ ಶ್ರೀಮತಿ ಗಪ್ಪಿಯನ್ನು ಮದುವೆಯಾದ. ಸತ್ಯಶೋಧನೆಯ ಹಿಂದೆ ಬೇರೇನಿತ್ತೋ ಎಂಬ ಅನುಮಾನಕ್ಕೆ ತಮ್ಮನ ಬಾಯಲ್ಲಿ ಒಂದೇ ಒಂದು ಮಾತು ಇಟ್ಟಿದ್ದೇನೆ.

ಜೂನ್ 22

ರಂಗದ ಮಾದರಿಯಾಗಿ ಹತ್ತನೇ ಒಂದರ ಅಳತೆಯಲ್ಲಿ ಪ್ಲೈವುಡ್ ಪೆಟ್ಟಿಗೆ ಸಿದ್ಧವಾಗಿದೆ. ನಮ್ಮ ಸಭಾಂಗಣದಲ್ಲಿ ರಂಗದ ಮುಂದೆ ತಗ್ಗಿಲ್ಲವಾದ್ದರಿಂದ ಗಾಜನ್ನು ನೆಟ್ಟಗೆ ನಿಲ್ಲಿಸಿ 45 ಡಿಗ್ರಿ ತಿರುಗಿಸಿದ್ದೇನೆ. ನಟಿ ಪ್ರೇಕ್ಷಕರಿಗೆ ಕಾಣದ ಪಕ್ಕದ ವಿಂಗ್‌ನಲ್ಲಿ ಸಲೀಸಾಗಿ ನಿಲ್ಲಬಹುದು. ಮೊದಲು ಹಾಕಿದ್ದು ಮನೆಯಲ್ಲಿ ಉಳಿದಿದ್ದ 5 ಮಿಲಿಮೀಟರ್ ಕಿಟಕಿ ಗಾಜು. ಹತ್ತು ಸೆಂಟಿಮೀಟರಿನ ಗೊಂಬೆಗೆ ಬೆಳಕು ಬಿಟ್ಟ ಕೂಡಲೇ ದೆವ್ವಕ್ಕೆ ಎರಡು ಮೂಗು. ಗಾಜಿನ ಮುಂಬದಿಯೂ ಹಿಂಬದಿಯೂ ಒಂದೊಂದು ಬಿಂಬ ಕೊಡುತ್ತವೆ, ಎರಡರ ನಡುವೆ ಹೆಚ್ಚುಕಡಿಮೆ 4 ಮಿಲಿಮೀಟರ್ ಅಂತರ. ಆಳೆತ್ತರದ ನಟಿಯ ಮುಖದಲ್ಲಿ ಇಷ್ಟು ಅಂತರವನ್ನು ಹಿಂದಿನ ಸಾಲಿನವರು ಗುರುತಿಸಲಾರರು, ಗೊಂಬೆಯ ಮುಖದಲ್ಲಿ ಮಾತ್ರ ಅದು ಎದ್ದು ಕಂಡಿತು. 2 ಮಿಲಿಮೀಟರ್ ಅಕ್ರಿಲಿಕ್ ಹಾಳೆ ತಂದು ಹಾಕಿದ ಮೇಲೆ ಮೂಗು ಒಂದಾಯಿತು. ಆದರೆ ಮೇಲಿನ ಕಾಗದ ಸುಲಿದೊಡನೆ ಮನೆಯ ಧೂಳೆಲ್ಲ ಹಾಳೆಗೆ ಅಂಟಿಕೊಂಡಿತು, ಒರೆಸಿದಷ್ಟೂ ಹೆಚ್ಚಾಯಿತು.

ಬಿದ್ದ ಬೆಳಕಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಮಾತ್ರ ಪ್ರತಿಫಲಿಸುವುದರಿಂದ ವಿಂಗ್‌ನಲ್ಲಿ ಕಣ್ಣು ಕುಕ್ಕುವ ಬೆಳಕೂ ಹಿನ್ನೆಲೆಗೆ ಕಪ್ಪು ಮಖಮಲ್ಲೂ ಬೇಕು. ಮಾರುಕಟ್ಟೆಯ ಎಂಟು ಅಡಿ ಎತ್ತರ, ನಾಲ್ಕು ಅಡಿ ಅಗಲದ ಹಾಳೆಯನ್ನು ಓರೆ ನಿಲ್ಲಿಸಿದರೆ ಎದುರಿನಿಂದ ಕಾಣುವುದು ಸುಮಾರು 34 ಇಂಚು. ಇದು ಕೊರತೆ ಎಂದು ಚಿಂತಿಸಿದ್ದೆ. ಪರದೆ ಸರಿಸಿದ ಸಂದಿಗೆ ಅಷ್ಟೇ ಸಾಕು.

ರಂಗಸಜ್ಜಿಕೆಯ ಗೆಳೆಯರು ಗೋಡೆಯ ಗ್ಯಾಸ್ ದೀಪಕ್ಕೆ ಪೆಟ್ರೋಮ್ಯಾಕ್ಸ್‌ನಂತೆ ಮ್ಯಾಂಟಲ್ ಕಟ್ಟಿದ್ದರು. ಗ್ಯಾಸ್ ಮ್ಯಾಂಟಲ್‌ಗೆ ಪೇಟೆಂಟ್ ದೊರೆತದ್ದು 1885ರಲ್ಲಿ, ನಮ್ಮ ಕಥೆಗಿಂತ ಹನ್ನೆರಡು ವರ್ಷ ತಡವಾಗಿ. ಬೇಸರದಿಂದಲೇ ಬಿಚ್ಚಿದರು. ಈಗ ಬರಿಯ ನಾಲಿಗೆಯಂತಹ ಹಳದಿ ಜ್ವಾಲೆ ನಡುಗುತ್ತದೆ, ಡಿಮ್ಮರ್‌ನಲ್ಲಿ.

ಜೂನ್ 29

ಮೊದಲ ತಾಲೀಮು, ಪೆಟ್ಟಿಗೆಯ ಮುಂದೆಯೇ ಕೂತು. ಕೈಚಾಚಿದ ಗೊಂಬೆಯನ್ನು ಇಟ್ಟು ದೀಪ ಏರಿಸಿದಾಗ ಅಕ್ಕನ ಪಾತ್ರ ಮಾಡುವವರು, "ಅದು ಎಡಗೈ ಕೊಡ್ತಾ ಇದೆಯಲ್ಲ" ಎಂದು ಹಿಂದೆ ಸರಿದರು. ಗೊಂಬೆ ಚಾಚಿದ್ದು ಬಲಗೈ. ಪ್ರತಿಬಿಂಬದಲ್ಲಿ ಅದು ಎಡಗೈಯಾಗಿತ್ತು. ಗೊಂಬೆಯ ಕೈ ಬದಲಿಸಿ ಸರಿಪಡಿಸಲು ಹೊರಟವನು ಹಾಗೇ ಬಿಟ್ಟೆ. ಮೊದಲ ದೃಶ್ಯದಲ್ಲಿ ಎಲ್ಲರಿಗೂ ಬಲಗೈ ಕೊಟ್ಟ ಕೇಟಿ ಪರದೆಯೊಳಗೆ ಎಡಗೈ ಚಾಚುತ್ತಾಳೆ. ಎಲ್ಲವನ್ನೂ ಓದಿಕೊಂಡು ಬಂದ ಅಕ್ಕನಿಗೆ ಇದು ಯಾವ ದಾಖಲೆಯಲ್ಲಿಯೂ ಸಿಕ್ಕಿಲ್ಲ. ಅವಳು ಹೆದರುವ ಜಾಗ ಕೊನೆಗೂ ದೊರೆಯಿತು, ಅದಕ್ಕೆ ಸಂಭಾಷಣೆಯ ಅಗತ್ಯವೂ ಇಲ್ಲ.

ಉಳಿದಿರುವುದು ತಮ್ಮನ ಕೆಲಸ. ಅವನು ಆ ಕೈಯನ್ನು ಹಿಡಿಯಲು ಹೋಗಿ ಅವನ ಬೆರಳು ಅದರೊಳಗೆ ಹಾದುಹೋಗಬೇಕು. ಆದರೆ ಗಾಜಿನ ಹಿಂದೆ ನಿಂತ ನಟನಿಗೆ ಪ್ರೇಕ್ಷಕರು ನೋಡುವ ದೆವ್ವ ಕಾಣುವುದಿಲ್ಲ, ಅವನ ಪಾಲಿಗೆ ಅದು ಬರಿಯ ಗಾಳಿ. ಗಾಜಿನಿಂದ ನಟಿ ಎಷ್ಟು ದೂರದಲ್ಲಿದ್ದಾಳೋ ಬಿಂಬವೂ ಆಚೆಗೆ ಅಷ್ಟೇ ದೂರ ಎಂಬ ಲೆಕ್ಕದಲ್ಲಿ ನೆಲಕ್ಕೆ ಬಣ್ಣದ ಟೇಪಿನ ಗುರುತು ಹಾಕಿ, ಕೈಯ ಎತ್ತರಕ್ಕೆ ಕಪ್ಪು ದಾರ ಇಳಿಬಿಟ್ಟಿದ್ದೇನೆ. ಇಂದಿನ ಆರು ಪ್ರಯತ್ನಗಳಲ್ಲಿ ತಮ್ಮನ ಗೊಂಬೆಯ ಬೆರಳು ನಾಲ್ಕು ಸಲ ದೆವ್ವದ ಕೈಗೆ ತಾಗದೆ ಒಂದು ಸೆಂಟಿಮೀಟರ್ ಹಿಂದೆಯೇ ಉಳಿಯಿತು. ರಂಗದ ಮೇಲೆ ಅದು ಹತ್ತು ಸೆಂಟಿಮೀಟರ್ ಆಗುತ್ತದೆ. ಮುಂದಿನ ಭಾನುವಾರ ದಾರವನ್ನು ಸರಿಸಿ ನೋಡಬೇಕು.