ಗಾಡಿ ನೋಡಿ ಬಂದೆ

11 ಅಕ್ಟೋಬರ್ 2024, ಶುಕ್ರವಾರ
ಚೋಂಗ್‌ಚಿಂಗ್, ಚೀನಾ

ಗಾಡಿ ನೋಡಿಕೊಂಡು ಬಂದೆ. ತುಂಬಾ ಇಷ್ಟ ಆಯಿತು. ಆಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿದ್ದೆ ಬರುವ ಹಾಗೂ ಕಾಣುತ್ತಿಲ್ಲ, ಅದಕ್ಕೇ ಬರೆಯಲು ಕೂತೆ.

ಸುಜುಕಿ ಜಿಡಬ್ಲ್ಯು 250 ಬೈಕು. ನಮ್ಮಲ್ಲಿ 2014ರಲ್ಲಿ ಇನಾಜುಮಾ ಅಂತ ಬಂತಲ್ಲ, ಅದೇ. ನನ್ನ ಸಂಜೆ ಯೋಗ ಬ್ಯಾಚಿನ ಹುಡುಗಿಯ ಗಂಡನದು. ಮಗು ಆಗಿದೆ, ಕಾರು ತಗೊಂಡಿದ್ದಾರೆ, ಗಾಡಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಧೂಳು ಹಿಡಿಯುತ್ತಾ ನಿಂತಿದೆ. ಆರು ಸಾವಿರ ಯುವಾನ್ ಹೇಳಿದ. ಹೆಂಡತಿಯ ಯೋಗ ಟೀಚರ್ ಅಂತ ಐದೂವರೆಗೆ ಇಳಿದ. ಸ್ಟಾರ್ಟ್ ಮಾಡಿಸಿ ಕೇಳಿದೆ. ಎರಡು ಸಿಲಿಂಡರಿನ ಇಂಜಿನ್, ಸದ್ದು ಮೆತ್ತಗಿದೆ. ಚೈನು ಹೊಸದು, ಮುಂದಿನ ಟೈರು ಮಾತ್ರ ಹಾಕಿಸಬೇಕು. ಬಲಗಡೆ ಸೈಲೆನ್ಸರಿನ ಮೇಲೆ ಗೇಣುದ್ದದ ಗೀರು ಇತ್ತು. ಬೆರಳಾಡಿಸಿ ನೋಡಿದೆ. ಆಳವಾಗಿಯೇ ಇದೆ, ಒಳಗೆ ತುಕ್ಕು ಹಿಡಿಯಲು ಶುರುವಾಗಿದೆ.

ಎಲ್ಲಿ ಬಿತ್ತು ಅಂತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, "2022, ಬೆಯ್‌ಬೆಯ್" ಅಂದ.

2022ರ ಆ ಆಗಸ್ಟ್ ತಿಂಗಳನ್ನು ಈ ಊರಿನವರು ಯಾರೂ ಮರೆತಿಲ್ಲ. ನಾನೂ ಇಲ್ಲೇ ಇದ್ದೆ. ಈ ಊರಿನದೇ ಬೆಯ್‌ಬೆಯ್ ಜಿಲ್ಲೆಯಲ್ಲಿ 45 ಡಿಗ್ರಿ ಬಿಸಿಲು ದಾಖಲಾಗಿತ್ತು. ಸುತ್ತಲಿನ ಬೆಟ್ಟಗಳಿಗೆ ಬೆಂಕಿ ಹತ್ತಿತು. ಜಿನ್‌ಯುನ್ ಬೆಟ್ಟದ ಕಡಿದಾದ ದಾರಿಯಲ್ಲಿ ಲಾರಿ ಹತ್ತುವ ಹಾಗಿರಲಿಲ್ಲ. ಆಗ ಬಂದವರು ಬೈಕ್ ಹುಡುಗರು. ಬೆನ್ನಿಗೆ ಬಿದಿರಿನ ಬುಟ್ಟಿ ಕಟ್ಟಿಕೊಂಡು, ಅದರಲ್ಲಿ ನೀರು, ಐಸು, ಬೆಂಕಿ ಆರಿಸುವ ಸಿಲಿಂಡರು ಹೊತ್ತು, ಮಣ್ಣಿನ ದಾರಿಯಲ್ಲಿ ಹಗಲು ರಾತ್ರಿ ಹತ್ತಿ ಇಳಿದರು. ಫೋನಿನಲ್ಲಿ ಆ ವಿಡಿಯೋಗಳನ್ನು ನೋಡುತ್ತಾ ನಾನು ಅತ್ತಿದ್ದೆ. ಈ ಊರಿನಲ್ಲಿ ನನಗೂ ಒಂದು ಗಾಡಿ ಬೇಕು ಅಂತ ಮೊದಲ ಸಲ ಅನಿಸಿದ್ದು ಆಗಲೇ.

ಗಾಡಿ ಮಾರುತ್ತಿರುವ ಇವನು ಬೆಟ್ಟ ಹತ್ತಿಲ್ಲ. ಇದು ಟಾರು ರಸ್ತೆಯ ಗಾಡಿ. ಊರಿನಿಂದ ಐಸು ತಂದು ಬೆಟ್ಟದ ಬುಡದಲ್ಲಿ ಇಳಿಸಿ ಹೋಗುತ್ತಿದ್ದನಂತೆ. ಕತ್ತಲಲ್ಲಿ ಒಂದು ತಿರುವಿನಲ್ಲಿ ಜಾರಿದೆ. "ಪೇಂಟ್ ಹೊಡೆಸಿಕೊಡಲಾ ಟೀಚರ್?" ಅಂದ. ಬೇಡ ಅಂದೆ.

ಆಮೇಲೆ ಹಸಿರು ಪುಸ್ತಕ ತೆಗೆದು ತೋರಿಸಿದ. ನಮ್ಮ ಆರ್‌ಸಿ ಇದ್ದ ಹಾಗೆ. ಮಾರ್ಚ್ 2015ರ ನೋಂದಣಿ. ಇಲ್ಲಿ 2013ರಿಂದ ಒಂದು ಕಾನೂನಿದೆ. ಎರಡು ಚಕ್ರದ ಗಾಡಿಗೆ 13 ವರ್ಷ ಆಯಸ್ಸು, ಅಷ್ಟೇ. ಎಷ್ಟೇ ಚೆನ್ನಾಗಿ ಇಟ್ಟುಕೊಂಡಿರಲಿ, ಅವಧಿ ಮುಗಿದ ಮೇಲೆ ಗುಜರಿಗೆ ಕೊಡಲೇಬೇಕು. ಕೊಡದೆ ಓಡಿಸಿ ಸಿಕ್ಕಿಬಿದ್ದರೆ ಗಾಡಿ ಕಿತ್ತುಕೊಳ್ಳುತ್ತಾರೆ, ದಂಡ ಹಾಕುತ್ತಾರೆ, ಲೈಸೆನ್ಸೂ ಹೋಗುತ್ತದೆ. ಕೊನೆಯ ಒಂದು ವರ್ಷ ಬೇರೆಯವರ ಹೆಸರಿಗೆ ಮಾಡಿಸುವ ಹಾಗೂ ಇಲ್ಲ. ಅಂದರೆ ಈ ಗಾಡಿ 2028ರ ಮಾರ್ಚ್‌ವರೆಗೆ ಓಡುತ್ತದೆ, ಮಾರುವುದಾದರೆ 2027ರ ಮಾರ್ಚ್ ಒಳಗೆ ಮಾರಬೇಕು.

ಉಳಿದದ್ದೆಲ್ಲ ಸುಲಭ ಇದೆ. ಬೀಜಿಂಗಿನಲ್ಲಾದರೆ ನಾಲ್ಕನೇ ರಿಂಗ್ ರೋಡಿನ ಒಳಗೆ ಹೋಗಲು 'ಎ' ಸರಣಿಯ ನಂಬರ್ ಪ್ಲೇಟೇ ಬೇಕು, ಅದಕ್ಕೆ ಗಾಡಿಗಿಂತ ಜಾಸ್ತಿ ದುಡ್ಡು. ಗುವಾಂಗ್‌ಜೋದಲ್ಲಿ 2007ರಿಂದ ಊರೊಳಗೆ ಬೈಕೇ ಬಂದ್. ಚೋಂಗ್‌ಚಿಂಗ್ ಹಾಗಲ್ಲ, ಇದು ಬೈಕಿನದೇ ಊರು. ಏರು ಇಳಿವಿನ ಈ ರಸ್ತೆಗಳಲ್ಲಿ ಸೈಕಲ್ ತುಳಿಯುವವರೇ ಅಪರೂಪ. ನಮ್ಮ ಲೈಸೆನ್ಸು, ಇಂಟರ್‌ನ್ಯಾಷನಲ್ ಪರ್ಮಿಟ್ ಎರಡೂ ಈ ದೇಶದಲ್ಲಿ ನಡೆಯುವುದಿಲ್ಲ. ಅದಕ್ಕೇ ಹೋದ ವರ್ಷವೇ ಇಲ್ಲಿನ ಬೈಕ್ ಲೈಸೆನ್ಸ್, 'ಇ' ದರ್ಜೆಯದು, ಮಾಡಿಸಿದ್ದೇನೆ. 50 ದಾಟಿ 250 ಸಿಸಿವರೆಗೆ ಕಡ್ಡಾಯ ವಿಮೆ ವರ್ಷಕ್ಕೆ 120 ಯುವಾನ್, ಅದರ ಮೇಲಾದರೆ 400. ಇದು 248 ಸಿಸಿ. ಪಾಸ್‌ಪೋರ್ಟು, ರೆಸಿಡೆನ್ಸ್ ಪರ್ಮಿಟ್, ಪೊಲೀಸ್ ಠಾಣೆಯ ವಿಳಾಸದ ಚೀಟಿ ಎಲ್ಲ ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ.

ಮನೆಗೆ ಬಂದಾಗ ತಮ್ಮನ ಫೇಸ್‌ಟೈಮ್. ವಿಚಾಟ್ ಅಲ್ಲಿ 2020ರಿಂದ ಬಂದ್, ವಾಟ್ಸಾಪ್ ಇಲ್ಲಿ ಬಂದ್. ಅವನ ಐಫೋನೇ ನಮಗೆ ಗತಿ. ಇವತ್ತು ಆಯುಧ ಪೂಜೆ ಅಲ್ವಾ, ಅಪ್ಪನ ಯೆಜ್ಡಿ ಬಾಗಿಲಲ್ಲಿ ನಿಂತಿತ್ತು. ಸೇವಂತಿಗೆ ಹಾರ, ಎರಡು ಕಡೆ ಬಾಳೆಕಂದು, ಚಕ್ರದಡಿ ನಿಂಬೆಹಣ್ಣು. ಅಮ್ಮ ಕುಂಬಳಕಾಯಿ ಒಡೆಸಿ ಆಗಿತ್ತು. ಗಾಡಿ ನೋಡಿದ್ದೇನೆ ಅಂದ ಕೂಡಲೇ ಅಪ್ಪ ಫೋನ್ ಕಿತ್ತುಕೊಂಡರು.

"ಎಷ್ಟನೇ ಓನರ್?"

"ಇವನೇ ಮೊದಲನೆಯವನು ಅಪ್ಪ."

"ಬುಕ್ಕು ನಿನ್ನ ಹೆಸರಿಗೇ ಆಗುತ್ತಾ? ಹೊರದೇಶದೋರಿಗೆ ಮಾಡ್ಕೊಡ್ತಾರಾ?"

"ಆಗುತ್ತೆ. ಪಾಸ್‌ಪೋರ್ಟ್ ನಂಬರಿನ ಮೇಲೆ."

"ಸರಿ ಮತ್ತೆ. ತಗೋ."

ಆಗ 13 ವರ್ಷದ ವಿಷಯ ಹೇಳಿದೆ. ಅಪ್ಪನಿಗೆ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಹೇಳಿದೆ.

"ಕೇಳಿಸ್ತು ಕಣಮ್ಮ. ಹದಿಮೂರು ವರ್ಷ ಅಂದ್ರೆ ಗಾಡಿ ಈಗ ತಾನೆ ಒಂದು ಹದಕ್ಕೆ ಬಂದಿರುತ್ತೆ. ಓಡೋ ಗಾಡೀನ ಯಾಕೆ ಮುರೀತಾರೆ?"

ಹೊಗೆ, ಟ್ರಾಫಿಕ್, ಸೇಫ್ಟಿ ಅಂತ ಕಾರಣ ಹೇಳಿದೆ. ತಲೆಯಾಡಿಸಿದರು. ಅವರ ಯೆಜ್ಡಿ 1984ರದ್ದು. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸುತ್ತಾ, ಟ್ಯಾಕ್ಸ್ ಕಟ್ಟುತ್ತಾ 40 ವರ್ಷ ಓಡಿಸಿದ್ದಾರೆ. 1996ರಲ್ಲಿ ಯೆಜ್ಡಿ ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ ಮುಚ್ಚಿದಾಗ ನನಗೆ ಆರು ವರ್ಷ. ಅಪ್ಪ ಅಲ್ಲೇ ಇಂಜಿನ್ ಜೋಡಿಸುವ ಕಡೆ ಇದ್ದವರು. ಇನ್ನು ಸ್ಪೇರ್ ಸಿಗಲ್ಲ, ಮಾರಿಬಿಡಿ ಅಂತ ಎಲ್ಲರೂ ಹೇಳಿದ್ದರು. ಕೆಲಸ ಇಲ್ಲದ ಆ ದಿನಗಳಲ್ಲಿ ದುಡ್ಡಿನ ಅಗತ್ಯವೂ ಇತ್ತು. ಆದರೂ ಮಾರಲಿಲ್ಲ. ನನಗೆ ಕಲಿಸಿದ್ದೂ ಅದರಲ್ಲೇ, ಮಾನಸಗಂಗೋತ್ರಿಯ ಖಾಲಿ ರಸ್ತೆಯಲ್ಲಿ. ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿ ಎತ್ತಿದರೆ ಅದೇ ಕಿಕ್ಕರ್. ನನ್ನ ಕಾಲಿನ ಬಲ ಸಾಲದೆ ಅಪ್ಪ ಕೈಯಲ್ಲಿ ಒತ್ತಿಕೊಡುತ್ತಿದ್ದರು.

"ಅಲ್ಲಿ ಫ್ಯಾಕ್ಟರಿಗಳು ಚೆನ್ನಾಗಿ ನಡೀತಿವೆಯಾ?" ಅಂತ ಕೇಳಿದರು. ಜೋಂಗ್‌ಷೆನ್, ಲೋನ್‌ಸಿನ್ ಇವೆ, ಬಿಎಂಡಬ್ಲ್ಯು ಬೈಕಿಗೂ ಲೋನ್‌ಸಿನ್ ಇಂಜಿನ್ ಮಾಡಿಕೊಡುತ್ತದೆ ಅಂದೆ. ಲಿಫಾನ್ 2020ರಲ್ಲಿ ಸಾಲದಲ್ಲಿ ಮುಳುಗಿ ಬೇರೆಯವರ ಕೈಗೆ ಹೋಯಿತು ಅಂತಲೂ ಹೇಳಿದೆ. ಇಂಜಿನ್ ಬಗ್ಗೆ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು, "ಅಲ್ಲಿ ಕೆಲಸ ಮಾಡ್ತಿದ್ದೋರಿಗೆ ಬಾಕಿ ಸಂಬಳ ಕೊಟ್ರಾ?"

ತಮ್ಮ ಫೋನ್ ವಾಪಸ್ ತಗೊಂಡ. ನಾಳೆ ಜಂಬೂಸವಾರಿ, ಬೆಳಿಗ್ಗೆಯಿಂದಲೇ ರಸ್ತೆ ಬಂದ್ ಅಂತ ಏನೇನೋ ಹೇಳುತ್ತಿದ್ದ. ನನಗೆ ನಾಳೆ ಕ್ಲಾಸಿದೆ. ನ್ಯಾಷನಲ್ ಡೇಗೆ ಕೊಟ್ಟ ರಜೆಗೆ ಬದಲಾಗಿ ಈ ಶನಿವಾರ ಇಲ್ಲಿ ಎಲ್ಲರಿಗೂ ಕೆಲಸ. ಸುಸ್ತಾಗಿದೆ. ಇವತ್ತು ಮೈಸೂರಲ್ಲಿ ಇರಬೇಕಿತ್ತು ಅಂತ ತುಂಬಾ ಅನಿಸಿತು.

ಪಾಸ್‌ಪೋರ್ಟ್ ನಂಬರ್ ಅಂತ ಅಪ್ಪನಿಗೆ ಸಲೀಸಾಗಿ ಹೇಳಿಬಿಟ್ಟೆ. ಆ ಪಾಸ್‌ಪೋರ್ಟ್ ಮುಂದಿನ ವರ್ಷ ಮುಗಿಯುತ್ತದೆ. ಹೊಸದಕ್ಕೆ ಹೊಸ ನಂಬರ್. ಬ್ಯಾಂಕು, ಫೋನಿನ ಸಿಮ್ಮು, ಲೈಸೆನ್ಸು ಎಲ್ಲ ಕಡೆ ನಾನು ನಾನೇ ಅಂತ ಮತ್ತೆ ತೋರಿಸಿಕೊಂಡು ಬರಬೇಕು. ಅದರ ಜೊತೆಗೆ ಈಗ ಗಾಡಿಯ ಹಸಿರು ಪುಸ್ತಕ, ವಿಮೆ. ಅದಾದರೂ ಓಡಾಡಿ ಮಾಡಿಸಬಹುದು. ರೆಸಿಡೆನ್ಸ್ ಪರ್ಮಿಟ್ ಇರುವುದು ಫೆಬ್ರವರಿವರೆಗೆ ಮಾತ್ರ. ಗಾಡಿಗೆ 2028ರವರೆಗೆ ಬರೆದುಕೊಟ್ಟಿದ್ದಾರೆ. ನನಗೆ ವರ್ಷ ವರ್ಷ ಕೊಡುತ್ತಾರೆ. ಸ್ಟುಡಿಯೋದಲ್ಲಿ ಬ್ಯಾಚುಗಳು ಕಮ್ಮಿ ಆಗಿವೆ. ಕಾಂಟ್ರ್ಯಾಕ್ಟ್ ಮುಂದುವರಿಸುವ ಮಾತನ್ನು ಓನರ್ ಇನ್ನೂ ಎತ್ತಿಲ್ಲ.

ಹೋಗಬೇಕಾಗಿ ಬಂದರೆ ಮಾರಿದರಾಯಿತು, ಎಲ್ಲರೂ ಮಾಡುವುದು ಅದನ್ನೇ. ಆದರೆ ನನಗೆ ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ. ಗಾಡಿ ತಗೊಂಡರೆ ಆ ಮುಂದಿನ ಟೈರು ಹಾಕಿಸುತ್ತೇನೆ, ಟ್ಯಾಂಕು ಒರೆಸುತ್ತೇನೆ, ಭಾನುವಾರ ನಾನ್‌ಷಾನ್ ಬೆಟ್ಟಕ್ಕೆ ಹೋಗುತ್ತೇನೆ. ಆಮೇಲೆ ಅದನ್ನು ಬಿಟ್ಟು ಬರುವುದು ಅಂದರೆ...

ಭಾನುವಾರದ ಒಳಗೆ ಹೇಳಿ ಅಂದಿದ್ದಾನೆ. ನಾಳೆ ಕ್ಲಾಸ್ ಮುಗಿದ ಕೂಡಲೇ ಓನರ್ ಹತ್ತಿರ ಪರ್ಮಿಟ್ ವಿಚಾರ ನೇರವಾಗಿಯೇ ಕೇಳಬೇಕು. ಅವಳು ಹೂಂ ಅಂದರೆ ಸರಿ. ಉಹೂಂ ಅಂದರೂ ಫೆಬ್ರವರಿಗೆ ಇನ್ನೂ ನಾಲ್ಕು ತಿಂಗಳಿದೆ, ಅಷ್ಟರಲ್ಲಿ...