ಹುಡುಗಿಯರನ್ನು ಕರೆತಂದರೆ ಸಾಲದು, ಉಳಿಸಿಕೊಳ್ಳಬೇಕು

ಇಂಗ್ಲೆಂಡಿಗೆ ಬಂದು ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದಾಗ ನನಗೆ ತುಂಬಾ ಆಶ್ಚರ್ಯ ಆಗಿದ್ದು ಟೀಮಿನಲ್ಲಿ ಹೆಂಗಸರು ಎಷ್ಟು ಕಡಿಮೆ ಅನ್ನೋದು. ನಮ್ಮ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಹುಡುಗಿಯರು ಹತ್ತಿರ ಹತ್ತಿರ ಅರ್ಧದಷ್ಟಿದ್ದೆವು. ಇಲ್ಲಿ ಎಷ್ಟೋ ಮೀಟಿಂಗುಗಳಲ್ಲಿ ನಾನೊಬ್ಬಳೇ.

ಆದರೆ ಇದೇ ದೇಶದಲ್ಲಿ ಒಂದು ಕಾಲಕ್ಕೆ ಕಂಪ್ಯೂಟರ್ ನಡೆಸೋದು ಹೆಂಗಸರ ಕೆಲಸವೇ ಆಗಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಗುಪ್ತ ಸಂದೇಶ ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಹೆಂಗಸರು. 1944ರಲ್ಲಿ ಅಲ್ಲಿಗೆ ಬಂದ, ಮೊದಮೊದಲ ಕಂಪ್ಯೂಟರುಗಳಲ್ಲಿ ಒಂದಾದ ಕೊಲೊಸಸ್ ಯಂತ್ರವನ್ನು ನಡೆಸಿದವರು ನೌಕಾಪಡೆಯ ಹೆಣ್ಣುಮಕ್ಕಳು. ಯುದ್ಧ ಮುಗಿದ ಮೇಲೂ ಸರ್ಕಾರಿ ಕಚೇರಿಗಳಲ್ಲಿ ಈ ಕೆಲಸ ಹೆಚ್ಚಾಗಿ ಅವರದೇ, ಸಂಬಳ ಮಾತ್ರ ಕಡಿಮೆ. ಕಂಪ್ಯೂಟರಿಗೆ ಬೆಲೆ ಬಂತು ನೋಡಿ, ದೊಡ್ಡ ಹುದ್ದೆಗಳಿಗೆ ಗಂಡಸರನ್ನು ಹುಡುಕತೊಡಗಿದರು. ಹಾಗಾಗಿ ಯಾರಾದರೂ ‘ಹೆಣ್ಣುಮಕ್ಕಳಿಗೆ ಇದು ಒಗ್ಗಲ್ಲ’ ಅಂದರೆ ನನಗೆ ಸಿಟ್ಟು ಬರುತ್ತದೆ.

ಇಲ್ಲಿಗೆ ಬಂದ ಮೇಲೆ ನಾನು ತಿಳಿದುಕೊಂಡವರಲ್ಲಿ ನನಗೆ ಜಾಸ್ತಿ ಇಷ್ಟವಾದವರು ಸ್ಟೆಫನಿ ಶರ್ಲಿ. ಐದು ವರ್ಷದ ಮಗುವಾಗಿದ್ದಾಗ, 1939ರಲ್ಲಿ, ನಾಜಿಗಳಿಂದ ತಪ್ಪಿಸಿಕೊಂಡು ರೈಲು ಹತ್ತಿ ಇಂಗ್ಲೆಂಡಿಗೆ ಬಂದವರು. 1962ರಲ್ಲಿ ಆರು ಪೌಂಡ್ ಬಂಡವಾಳ ಹಾಕಿ ಮನೆಯಲ್ಲೇ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಸ್ಟೆಫನಿ ಅಂತ ಸಹಿ ಹಾಕಿದ ಪತ್ರಗಳಿಗೆ ಉತ್ತರವೇ ಬರುತ್ತಿರಲಿಲ್ಲ, ‘ಸ್ಟೀವ್’ ಅಂತ ಗಂಡಸಿನ ಹೆಸರು ಹಾಕಿದ ಮೇಲೆ ಬರತೊಡಗಿತು! ಅವರು ಕೆಲಸಕ್ಕೆ ಕರೆದದ್ದು ಮದುವೆ, ಮಗು ಅಂತ ಕೆಲಸ ಬಿಟ್ಟಿದ್ದ ಪ್ರೋಗ್ರಾಮರ್ ಹೆಂಗಸರನ್ನು. ಅವರು ಮನೆಯಲ್ಲೇ ಕೂತು, ಮಗು ಮಲಗಿದಾಗ, ಪೆನ್ಸಿಲಿನಲ್ಲಿ ಕಾಗದದ ಮೇಲೆ ಕೋಡ್ ಬರೆಯುತ್ತಿದ್ದರು. ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಂ ಬರೆದದ್ದೂ ಇಂಥ ಹೆಂಗಸರೇ. ಮೊದಲ 300 ಜನರಲ್ಲಿ ಗಂಡಸರು ಮೂವರೇ. 1975ರಲ್ಲಿ ಲಿಂಗ ತಾರತಮ್ಯ ತಡೆಯುವ ಕಾನೂನು ಬಂದಾಗ, ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು.

ನನಗೆ ಮುಖ್ಯ ಅನಿಸೋದು, ಶರ್ಲಿ ಆ ಹೆಂಗಸರಿಗೆ ಧೈರ್ಯದ ಭಾಷಣ ಕೊಡಲಿಲ್ಲ, ಅವರು ಮಾಡಬಹುದಾದ ರೀತಿಯಲ್ಲಿ ಕೆಲಸವನ್ನೇ ಬದಲಿಸಿದರು.

ನಮ್ಮಲ್ಲಿ ಇದೇ ಕೊರತೆ ಅಲ್ವಾ? ಕಾಲೇಜಿಗೆ ಹುಡುಗಿಯರು ಬರುತ್ತಾರೆ, ಕ್ಯಾಂಪಸ್ಸಿನಲ್ಲೇ ಕೆಲಸವೂ ಸಿಗುತ್ತದೆ. ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನ ಕೆಲಸ ಬಿಟ್ಟಾಗಿತ್ತು, ಅದೂ ಕೋಡ್ ಬರೆಯೋಕೆ ಬರದೆ ಅಲ್ಲ, ರಾತ್ರಿ ಒಂಬತ್ತಕ್ಕೆ ಆಫೀಸಿನ ಕಾಲ್ ಇರುವಾಗಲೇ ಮಗುವಿಗೆ ಜ್ವರ ಬಂದು ಮನೆಯಲ್ಲಿ ಬೇರೆ ಯಾರೂ ಎತ್ತಿಕೊಳ್ಳದೆ. ಅವರ ಜಾಣತನ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ಇಲ್ಲಿ ಎಲ್ಲ ಸರಿ ಇದೆ ಅಂತ ಅಲ್ಲ. ಆದರೆ 2024ರ ಏಪ್ರಿಲ್‌ನಿಂದ, ಕೆಲಸಕ್ಕೆ ಸೇರಿದ ಮೊದಲ ದಿನವೇ ‘ನನ್ನ ವೇಳೆ ಬದಲಿಸಿ ಕೊಡಿ’ ಅಂತ ಕೇಳುವ ಹಕ್ಕು ನೌಕರರಿಗಿದೆ, ಗಂಡಸರಿಗೂ. ಕಂಪನಿ ಒಪ್ಪಲೇಬೇಕು ಅಂತಿಲ್ಲ, ಒಪ್ಪದಿದ್ದರೆ ಕಾರಣ ಕೊಡಬೇಕು. 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಗಂಡಸರ ಮತ್ತು ಹೆಂಗಸರ ಸಂಬಳದ ಅಂತರವನ್ನು ಪ್ರತಿ ವರ್ಷ ಬಹಿರಂಗ ಮಾಡಬೇಕು, 2017ರಲ್ಲಿ ಬಂದ ನಿಯಮ ಇದು. ಯಾರು ಬೇಕಾದರೂ ನೋಡಬಹುದು. ಮಗುವಾದ ಮೇಲೆ ವಾರಕ್ಕೆ ಮೂರು ದಿನ ಮಾತ್ರ ಬರುವ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಟೀಮಿನ ಅತ್ಯಂತ ಕಷ್ಟದ ಭಾಗ ನೋಡಿಕೊಳ್ಳುತ್ತಾರೆ. ಅದರಿಂದ ಯಾವ ಸಾಫ್ಟ್‌ವೇರ್ ಬಿಡುಗಡೆಯೂ ನಿಂತಿಲ್ಲ.

ಮೊದಲ ಕೆಲಸ ಹುಡುಕುತ್ತಿರುವ ಹುಡುಗಿಯರೇ, ಇಂಟರ್‌ವ್ಯೂನಲ್ಲಿ ಸಂಬಳ ಕೇಳುವಾಗ ಇದನ್ನೂ ಕೇಳಿ: ನಿಮ್ಮ ಟೀಮಿನಲ್ಲಿ ಹೆರಿಗೆ ರಜೆ ಮುಗಿಸಿ ವಾಪಸ್ ಬಂದವರು ಎಷ್ಟು ಜನ, ಈಗ ಯಾವ ಹುದ್ದೆಯಲ್ಲಿದ್ದಾರೆ, ಸಂಜೆ ಆರರ ನಂತರ ಮೀಟಿಂಗ್ ಇಡುತ್ತೀರಾ? ಮ್ಯಾನೇಜರ್ ಆಗಿರುವ ನನ್ನ ಗೆಳೆಯರೇ, ಗೆಳತಿಯರೇ, ಈ ಪ್ರಶ್ನೆಗಳಿಗೆ ಉತ್ತರ ಈಗಲೇ ರೆಡಿ ಮಾಡಿಕೊಳ್ಳಿ.