ಅಜ್ಜನ ಹೆಸರಿನಲ್ಲೇ ಉಳಿದ ಜಮೀನು

ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಿಂದ ಕಾರಿನಲ್ಲಿ ಮೂರು ಗಂಟೆ ದಕ್ಷಿಣಕ್ಕೆ ಸಾಗಿ, ಆಲ್ಬನಿ ಸಮೀಪಿಸುತ್ತಿದ್ದಂತೆ ರಸ್ತೆಯ ಇಕ್ಕೆಲಗಳಲ್ಲೂ ಕಡಲೆಕಾಯಿ ಹೊಲಗಳು ಕಾಣಿಸಿಕೊಂಡಾಗ, ನನಗೆ ಗುಂಡ್ಲುಪೇಟೆ ಕಡೆಯ ನಮ್ಮೂರು ನೆನಪಾಯಿತು. ಕಪ್ಪು ಜನಾಂಗದ ಸಹೋದ್ಯೋಗಿಯೊಬ್ಬರು ತಮ್ಮ ಚಿಕ್ಕಮ್ಮನ ಜಮೀನು ತೋರಿಸಲು ನನ್ನನ್ನು ಕರೆದೊಯ್ದಿದ್ದರು.

ಎಪ್ಪತ್ತು ದಾಟಿದ್ದ ಆ ಹಿರಿಯರು ಊಟವಾದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತೆರೆದರು. ರಬ್ಬರ್ ಬ್ಯಾಂಡ್ ಹಾಕಿದ ಕಂದಾಯದ ರಸೀದಿಗಳು. ಕಟ್ಟಿದವರು ಇವರೇ ಆದರೂ ಎಲ್ಲದರ ಮೇಲೂ ಇದ್ದದ್ದು ಅವರ ಅಜ್ಜನ ಹೆಸರು. ಅಜ್ಜ ಉಯಿಲು ಬರೆಯದೆ ತೀರಿಕೊಂಡಿದ್ದರಿಂದ, ನಮ್ಮಲ್ಲಿ ಪೌತಿ ಖಾತೆಯಾಗದೆ ಉಳಿದ ಜಮೀನಿನಂತೆ, ಅದು ವಾರಸುದಾರರೆಲ್ಲರಿಗೂ ಜಂಟಿಯಾಗಿಯೇ ಉಳಿದಿತ್ತು. ಡೆಟ್ರಾಯಿಟ್ ಸೇರಿದ್ದ ದಾಯಾದಿಯೊಬ್ಬ ತನ್ನ ಪಾಲನ್ನು ಪಕ್ಕದ ಹೊಲದ ಬಿಳಿಯ ರೈತನಿಗೆ ಮಾರಿಬಿಟ್ಟ. ಕೊಂಡವನು ವಿಭಾಗದ ದಾವೆ ಹೂಡಿ, ಇಡೀ ಜಮೀನನ್ನೇ ಮಾರಿಸಿಕೊಡಬೇಕೆಂದು ಕೇಳಿದ. ಹೀಗೆ ಕೇಳಿದವನ ಪಾಲನ್ನು ಉಳಿದವರು ನ್ಯಾಯಾಲಯ ಗೊತ್ತುಮಾಡಿದ ಬೆಲೆಗೆ ಕೊಳ್ಳಲು ಜಾರ್ಜಿಯಾದ 2012ರ ಕಾನೂನು ಅವಕಾಶ ಕೊಡುತ್ತದೆ. ಆದರೆ ಹಣ?

ಸಾಲದ ಮಾತೆತ್ತಿದರೆ ಅಲ್ಲಿಯವರಿಗೆ ನೆನಪಾಗುವುದು ಪಕ್ಕದ ಲೀ ಕೌಂಟಿ. ಚಾರ್ಲ್ಸ್ ಮತ್ತು ಶರ್ಲಿ ಶೆರಾಡ್ ದಂಪತಿ ಮತ್ತಿತರರು 1969ರಲ್ಲಿ ಕಟ್ಟಿದ ‘ನ್ಯೂ ಕಮ್ಯುನಿಟೀಸ್’ ಎಂಬ ಕಪ್ಪು ರೈತರ ಸಾಮೂಹಿಕ ಕೃಷಿ ಸಂಸ್ಥೆಯ ಬಳಿ ಸುಮಾರು 5,700 ಎಕರೆ ಭೂಮಿ ಇತ್ತು. ಬರ ಬಂದಾಗ ಸರ್ಕಾರಿ ತುರ್ತು ಸಾಲ ಸಕಾಲಕ್ಕೆ ಸಿಗದೆ 1985ರಲ್ಲಿ ಭೂಮಿ ಕೈಬಿಟ್ಟಿತು. ಕಪ್ಪು ರೈತರು ಕೃಷಿ ಇಲಾಖೆಯ ತಾರತಮ್ಯದ ವಿರುದ್ಧ ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಯಿತು. ಅದರಡಿ ನ್ಯೂ ಕಮ್ಯುನಿಟೀಸ್‌ಗೆ ಸುಮಾರು 1.2 ಕೋಟಿ ಡಾಲರ್ ಮಂಜೂರಾದದ್ದು 2009ರಲ್ಲಿ.

ಸಂಜೆ ಬೇಲಿಯ ಬಳಿ ನಿಂತಿದ್ದಾಗ ಆ ನೆರೆಯವನೇ ಪಿಕಪ್ ನಿಲ್ಲಿಸಿ ಮಳೆಯ ವಿಚಾರ ಮಾತಾಡಿದ. ಒರಟುತನವೇನೂ ಇರಲಿಲ್ಲ. ಆದರೆ ಅವರ ಅರ್ಧ ವಯಸ್ಸಿನ ಆತ ಅವರನ್ನು ಬರೀ ಹೆಸರು ಹಿಡಿದು ಕರೆದ; ಅವರು ಪ್ರತಿ ಮಾತಿಗೂ ‘ಮಿಸ್ಟರ್’ ಸೇರಿಸಿ ಉತ್ತರಿಸಿದರು. ದಾವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ನಾನು ತಂತಿಯನ್ನೇ ನೋಡುತ್ತಾ ನಿಂತೆ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ, ನನ್ನ ತಾತನ ವಯಸ್ಸಿನ ದಲಿತ ಮುದುಕನನ್ನು ಹತ್ತು ವರ್ಷದ ನಾನು ‘ಬಾರೋ’ ಎಂದೇ ಕೂಗುತ್ತಿದ್ದೆ. ಆತ ‘ಬಂದೆ ಬುದ್ಧಿ’ ಎನ್ನುತ್ತಿದ್ದ.

ಹೊರಡುವಾಗ ಅವರು ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಕೈಗಿತ್ತು, ನಿಮ್ಮಲ್ಲೂ ಹೀಗೆಯೇ ನಡೆಯುತ್ತದೆಯೇ ಎಂದು ಕೇಳಿದರು. ಪೌತಿ ಖಾತೆಯ ತೊಡಕು, ದಾಯಾದಿಗಳ ವ್ಯಾಜ್ಯ ಎಲ್ಲವನ್ನೂ ವಿವರವಾಗಿ ಹೇಳಿದೆ. ಆ ಮುದುಕನ ವಿಷಯ ಹೇಳಲಿಲ್ಲ.